ಸಿಳ್ಳೆ ಹಾಕುವ ಹಕ್ಕಿ, ಮೆಣಸು ತಿನ್ನುವ ಇಲಿ



ಕಾಫಿ, ಅಡಿಕೆಗಳ ಧಾರಣೆ, ಬೋರ್ಡೋ ದ್ರಾವಣ, ಗೊಬ್ಬರದ ಲೆಕ್ಕಗಳಿಂದ ಈ ಸಂಚಿಕೆಯಲ್ಲಿ ತುಸು ಆಚೆ ಸರಿದು, ನಮ್ಮ ತೋಟಗಳಲ್ಲಿ ಬಾಡಿಗೆ ಕೊಡದೆ ವಾಸವಾಗಿರುವ ಇಬ್ಬರ ವಿಚಾರವನ್ನು ತಮ್ಮ ಮುಂದಿಡುತ್ತಿದ್ದೇನೆ. ಒಬ್ಬರನ್ನು ನಾವೆಲ್ಲರೂ ಬಲ್ಲೆವು, ಕಿವಿಯಿಂದಲಾದರೂ. ಇನ್ನೊಬ್ಬರನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿಲ್ಲ. ಕಂಡವರೂ ‘ಇಲಿ’ ಎಂದು ಬಾಲ ಹಿಡಿದು ಆಚೆ ಎಸೆದಿರುತ್ತಾರೆ. ನಾನೂ ಹಾಗೆಯೇ ಎಸೆಯುತ್ತಿದ್ದೆ. ತಡೆದವನು ಕಾಫಿ ಗಿಡವನ್ನೇ ಅದುವರೆಗೆ ನೋಡದಿದ್ದ ಒಬ್ಬ ಹುಡುಗ.

ಸಂಗತಿ ಹೀಗಿದೆ. ಒಂದು ಜೂನ್ ತಿಂಗಳಲ್ಲಿ ಮರಗಸಿ ಕೆಲಸಕ್ಕೆಂದು ಉತ್ತರದ ಕಡೆಯಿಂದ ನಾಲ್ಕು ಮಂದಿ ಬಂದಿದ್ದರು. ಅವರಲ್ಲಿ ಚಿಕ್ಕವನು ಬೀದರ್ ಪಕ್ಕದ ಬಗದಲ್‌ನವನು. ಕೆಂಪು ಜಂಬಿಟ್ಟಿಗೆ ಮಣ್ಣು, ತೊಗರಿ, ಉದ್ದು, ಸೋಯಾ ಬೆಳೆಯುವ ಬಯಲು ಸೀಮೆಯ ಹುಡುಗನಿಗೆ ಘಟ್ಟದ ಮಳೆಯೇ ಒಂದು ಬೆರಗು. ಮೊದಲ ದಿನ ಬೆಳಕು ಹರಿಯುವ ಮುನ್ನವೇ ಎದ್ದು ಬಂದು ಜಗಲಿಯ ಕೆಳಗೆ ನಿಂತು ಕೇಳಿದ: “ಮಾಲಕ್ರ, ಹಳ್ಳದ ಕಡಿ ಯಾರೋ ಸೀಟಿ ಹೊಡಿಲತ್ಯಾರ. ಯಾರನ್ನ ಕರಿಲತ್ಯಾರ್ರಿ?”

ಯಾರೂ ಕರೆಯುತ್ತಿರಲಿಲ್ಲ. ಅದು ಸಿಳ್ಳಾರ. ಕೆಲಸವಿಲ್ಲದ ಹುಡುಗನೊಬ್ಬ ಹಾಡಿನ ಧಾಟಿ ಅರ್ಧ ನೆನಪಾಗಿ ಅರ್ಧ ಮರೆತು, ಮೇಲೆ ಕೆಳಗೆ ಎಳೆಯುತ್ತಾ ಸಿಳ್ಳೆ ಹಾಕಿಕೊಂಡು ಹೋದಂತೆ ಇರುವ ಆ ಸ್ವರವನ್ನು ಮಳೆಗಾಲದ ಮುಂಜಾವದಲ್ಲಿ ಕೇಳದ ಘಟ್ಟದ ಬೆಳೆಗಾರನಿಲ್ಲ. ಇಂಗ್ಲಿಷರು ಇದಕ್ಕೆ ‘ಸಿಳ್ಳೆ ಹಾಕುವ ಶಾಲೆಯ ಹುಡುಗ’ ಎಂದೇ ಅಡ್ಡಹೆಸರು ಇಟ್ಟಿದ್ದರು. ಹಕ್ಕಿಯನ್ನು ತೋರಿಸಲು ಹುಡುಗನನ್ನು ಹಳ್ಳಕ್ಕೆ ಕರೆದೊಯ್ದೆ. ಪಾರಿವಾಳಕ್ಕಿಂತ ಸ್ವಲ್ಪ ಚಿಕ್ಕದು, ಸುಮಾರು 25 ಸೆಂ.ಮೀ. ಉದ್ದ. ದೂರಕ್ಕೆ ಬರೀ ಕಪ್ಪು. ಬೆಳಕು ಬಿದ್ದಾಗ ಹಣೆಯ ಮೇಲೂ ಹೆಗಲ ಮೇಲೂ ಹೊಳೆಯುವ ನೀಲಿ. ಕಲ್ಲಿನಿಂದ ಕಲ್ಲಿಗೆ ಜಿಗಿದು ಏಡಿಯನ್ನೋ ಹುಳುವನ್ನೋ ಹಿಡಿಯುತ್ತಿತ್ತು.

ಇದಾದ ಮೇಲೆ ಜನವರಿಯಲ್ಲಿ ಮೆಣಸು ಕೊಯ್ಲು. ಮರದ ಮೇಲಿನ ಗೊಂಚಲುಗಳಲ್ಲಿ ಹಣ್ಣಾದ ಕಾಳುಗಳು ಖಾಲಿಯಾಗುತ್ತಿದ್ದವು. ಹಕ್ಕಿಯ ಕಾಟವೆಂದುಕೊಂಡರೆ ಹಗಲಲ್ಲಿ ಯಾವ ಹಕ್ಕಿಯೂ ಅಷ್ಟು ಕೂರುತ್ತಿರಲಿಲ್ಲ. ಬಳ್ಳಿ ಹಬ್ಬಿದ ಒಂದು ಹಳೆಯ ಮರದ ಕವಲಿನಲ್ಲಿ ಇಲಿ ಬೋನು ಕಟ್ಟಿಸಿದೆ. ಎರಡನೆಯ ದಿನ ಬೆಳಿಗ್ಗೆ ಬೋನಿನೊಳಗೆ ಒಂದು ಕಂದು ಪ್ರಾಣಿ ಸತ್ತು ಬಿದ್ದಿತ್ತು. ರಾತ್ರಿಯ ಚಳಿಗೋ ಗಾಬರಿಗೋ ತಿಳಿಯದು. ಎಸೆಯಲು ಹೇಳಿದೆ. ಬಗದಲ್‌ನ ಹುಡುಗ ಅಂಗೈ ಮೇಲೆ ಇಟ್ಟುಕೊಂಡು ನೋಡಿ, “ಇದು ಇಲಿ ಅಲ್ರೀ ಮಾಲಕ್ರ. ಬಾಲ ನೋಡ್ರಿ, ಕುಂಚ ಇದ್ದಂಗ ಅದ” ಎಂದ.

ಹೌದು, ಬಾಲದ ಬುಡ ಇಲಿಯ ಬಾಲದಂತೆ ಬೋಳಾಗಿ ಹುರುಪೆ ಹುರುಪೆಯಾಗಿದ್ದರೂ ಮುಂದೆ ಮುಂದೆ ಕೂದಲು ದಟ್ಟವಾಗುತ್ತಾ ಹೋಗಿ ತುದಿಯಲ್ಲಿ ಬಿಳಿಚಿದ ಕುಚ್ಚಾಗಿತ್ತು. ಬೆನ್ನ ಮೇಲೆ ಬೆರಳಾಡಿಸಿದರೆ ಮೃದು ಕೂದಲ ನಡುವೆ ಚಪ್ಪಟೆಯಾದ ಸಣ್ಣ ಮುಳ್ಳುಗಳು ಚುಚ್ಚುತ್ತಿದ್ದವು. ತಲೆಯಿಂದ ಬಾಲದ ಬುಡದವರೆಗೆ ಸುಮಾರು 13 ಸೆಂ.ಮೀ. ಮುಳ್ಳುಹಂದಿಯ ಮರಿಯಲ್ಲ, ಅಳಿಲೂ ಅಲ್ಲ. ಕೇಳಿ, ಓದಿ ತಿಳಿದುಕೊಂಡ ಮೇಲೆ ಗೊತ್ತಾದದ್ದು: ಇದು ಮಲಬಾರಿನ ಮುಳ್ಳಿಲಿ. ಪಶ್ಚಿಮಘಟ್ಟದ ದಕ್ಷಿಣ ಭಾಗ, ಅಂದರೆ ಕರ್ನಾಟಕ, ಕೇರಳ, ತಮಿಳುನಾಡುಗಳ ಘಟ್ಟದ ಕಾಡುಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ.

ಹೆಸರುಗಳ ಎಡವಟ್ಟು

ಈ ಎರಡು ಜೀವಿಗಳನ್ನು ಒಟ್ಟಿಗೆ ಇಟ್ಟು ನೋಡುವುದಕ್ಕೆ ಒಂದು ಕಾರಣವಿದೆ. ಎರಡಕ್ಕೂ ಶಾಸ್ತ್ರಜ್ಞರು ಇಟ್ಟ ಇಂಗ್ಲಿಷ್ ಹೆಸರು ತಪ್ಪು. ಆ ತಪ್ಪು ಹೇಗಾಯಿತೆಂದು ತಿಳಿದರೆ ಪ್ರಾಣಿಗಳ ವರ್ಗೀಕರಣವೆಂಬುದು ಏನೆಂದು ತಾನಾಗಿ ತಿಳಿಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವರ್ಗೀಕರಣ ಎಂದರೆ ವಂಶಾವಳಿ. ಮುಖ ಒಂದೇ ತೆರನಿದ್ದ ಮಾತ್ರಕ್ಕೆ ಇಬ್ಬರು ದಾಯಾದಿಗಳಾಗುವುದಿಲ್ಲ; ಮನೆತನ ನೋಡಬೇಕು.

ಮುಳ್ಳಿಲಿಯನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವರು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್, 1859ರಲ್ಲಿ. ‘ಪ್ಲಾಟಕ್ಯಾಂಥೊಮಿಸ್ ಲೇಸಿಯುರಸ್’ ಎಂದು ಹೆಸರಿಟ್ಟರು. ಮೊದಲ ಪದಕ್ಕೆ ಗ್ರೀಕಿನಲ್ಲಿ ಚಪ್ಪಟೆ ಮುಳ್ಳಿನ ಇಲಿ ಎಂದೇ ಅರ್ಥ. ತಿರುವಾಂಕೂರಿನಲ್ಲಿದ್ದ ಹೆನ್ರಿ ಬೇಕರ್ ಎಂಬ ಪಾದ್ರಿ ಈ ಪ್ರಾಣಿಯನ್ನು ಬೆಟ್ಟಗಳಲ್ಲಿ ಹುಡುಕಿ ಬರೆದ ಟಿಪ್ಪಣಿ ಇವತ್ತಿಗೂ ಓದಲು ಸೊಗಸು. ಎತ್ತರದ ಕಣಿವೆಗಳ ಹಳೆಯ ಭಾರೀ ಮರಗಳಲ್ಲಿ ಪೊಟರೆ ಮಾಡಿಕೊಂಡು, ಎಲೆ, ಪಾಚಿ ತುಂಬಿ ಗೂಡು ಕಟ್ಟುತ್ತವೆ. ಹಣ್ಣು ಮೆಣಸನ್ನು ಬಹಳ ಹಾಳು ಮಾಡುವುದರಿಂದ ಬೆಟ್ಟದ ಜನ ಇದನ್ನು ‘ಮೆಣಸಿಲಿ’ ಎನ್ನುತ್ತಾರೆ. ಹಲಸು, ಹೆಬ್ಬಲಸುಗಳನ್ನೂ ಬಿಡುವುದಿಲ್ಲ ಎಂದು ಅವರು ಬರೆದರು. ಬೈನೆ ಮರಕ್ಕೆ ಕಟ್ಟಿದ ಹೆಂಡದ ಮಡಕೆಯ ಮುಚ್ಚಳವನ್ನು ಕಡಿದು ಒಳಗಿಳಿದು ಕುಡಿಯುತ್ತವೆಂದೂ, ಹಾಗೆ ಅರ್ಧ ಮುಳುಗಿದ್ದ ಎರಡನ್ನು ಮಡಕೆ ಸಹಿತ ತಮಗೆ ತಂದುಕೊಟ್ಟರೆಂದೂ ಅದರಲ್ಲಿದೆ. ನಮ್ಮ ತೋಟದ ಬೈನೆ ಮರಗಳ ಕೆಳಗೆ ಹೊರಳುವವರು ಮನುಷ್ಯರು ಮಾತ್ರವೆಂದು ನಾನು ತಿಳಿದಿದ್ದೆ.

ಯೂರೋಪಿನಲ್ಲಿ ಕುಚ್ಚು ಬಾಲದ ಒಂದು ಬಗೆಯ ಮರದಿಲಿ ಇದೆ. ಚಳಿಗಾಲವಿಡೀ ನಿದ್ದೆ ಮಾಡುವಂಥದು. ಅದಕ್ಕೆ ‘ಡಾರ್‌ಮೌಸ್’ ಎನ್ನುತ್ತಾರೆ. ನಮ್ಮದರ ಬಾಲವೂ ತಲೆಬುರುಡೆಯ ಕೆಲವು ಲಕ್ಷಣಗಳೂ ಅದನ್ನು ಹೋಲುವುದರಿಂದ ಇದನ್ನೂ ಡಾರ್‌ಮೌಸ್ ಎಂದರು. ಆದರೆ ಹಲ್ಲು ಎಣಿಸಿದರೆ ಲೆಕ್ಕ ತಪ್ಪುತ್ತದೆ. ನಿಜವಾದ ಡಾರ್‌ಮೌಸ್‌ಗೆ ಪ್ರತಿ ದವಡೆಯ ಒಂದೊಂದು ಪಕ್ಕದಲ್ಲಿ ನಾಲ್ಕು ಕೆನ್ನೆಹಲ್ಲು, ಬಾಚಿಹಲ್ಲು ಸೇರಿ ಒಟ್ಟು 20. ನಮ್ಮ ಮುಳ್ಳಿಲಿಗೆ ಪಕ್ಕಕ್ಕೆ ಮೂರೇ, ಒಟ್ಟು 16; ಮನೆಯ ಇಲಿಗೆ ಇರುವಷ್ಟೇ. ಹಾಗಾದರೆ ಇಲಿಯೇ ಎನ್ನೋಣವೇ? ಅದೂ ಸರಿಹೋಗಲಿಲ್ಲ. ನೂರು ವರ್ಷಕ್ಕೂ ಮೀರಿ ಪುಸ್ತಕದಿಂದ ಪುಸ್ತಕಕ್ಕೆ ಇದನ್ನು ಆ ಮನೆಗೊಮ್ಮೆ ಈ ಮನೆಗೊಮ್ಮೆ ದಬ್ಬಿದರು. ಈಗಿನ ಡಿ.ಎನ್.ಎ. ಪರೀಕ್ಷೆಗಳ ಪ್ರಕಾರ ಇದು ಡಾರ್‌ಮೌಸ್ ಕುಲಕ್ಕೆ ಸೇರಿದ್ದೇ ಅಲ್ಲ. ಇಲಿಗಳ ದೊಡ್ಡ ವಂಶವೃಕ್ಷದಲ್ಲಿ ಬುಡದ ಹತ್ತಿರವೇ, ಇಲಿ, ಹೆಗ್ಗಣ, ಚುಂಚಿಲಿಗಳೆಲ್ಲ ಕವಲೊಡೆಯುವುದಕ್ಕೂ ಮೊದಲು, ಬೇರೆಯಾಗಿ ಹೋದ ಒಂದು ಕೊಂಬೆ.

ಆ ಕೊಂಬೆಯಲ್ಲಿ ಇಂದು ಉಳಿದಿರುವ ಮನೆಗಳು ಎರಡೇ. ಒಂದು ನಮ್ಮ ಘಟ್ಟದಲ್ಲಿ. ಇನ್ನೊಂದು ಚೀನಾ, ವಿಯೆಟ್ನಾಂಗಳ ಬೆಟ್ಟಗಳಲ್ಲಿ. ಆ ದೂರದ ದಾಯಾದಿಗೆ ಕಣ್ಣು ಬಹಳ ಮಂದ. ಬಾವಲಿಯಂತೆ ಕಿವಿಗೆ ಕೇಳದ ಸೂಕ್ಷ್ಮ ಧ್ವನಿ ಹೊರಡಿಸಿ, ಅದರ ಮಾರ್ದನಿಯಿಂದ ದಾರಿ ಕಂಡುಕೊಳ್ಳುತ್ತದೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮ ಮುಳ್ಳಿಲಿಯ ಕುಲದ ಹಳೆಯ ಹಲ್ಲುಗಳು ಕಲ್ಲಾಗಿ ಚೀನಾದ ಯುನ್ನಾನ್ ಪ್ರಾಂತದಲ್ಲೂ ದೊರೆತಿವೆ. ಎಂದರೆ ಒಂದು ಕಾಲಕ್ಕೆ ಈ ಮನೆತನ ಅಲ್ಲಿಂದ ಇಲ್ಲಿಯವರೆಗೆ ಹಬ್ಬಿತ್ತು, ನಡುವಿನದೆಲ್ಲ ಅಳಿದು ಇಲ್ಲೊಂದು ಕುಡಿ ಉಳಿದಿದೆ. ನನ್ನ ಬೋನಿನಲ್ಲಿ ಸತ್ತದ್ದು ಅಂಥದೊಂದು ಕುಡಿ.

ಈಗ ಸಿಳ್ಳಾರ. 1831ರಲ್ಲಿ ವಿಗರ್ಸ್ ಎಂಬವರು ಇದನ್ನು ವಿವರಿಸಿ, ಹಾರ್ಸ್‌ಫೀಲ್ಡ್ ಎಂಬ ಪ್ರಕೃತಿವಿಜ್ಞಾನಿಯ ಹೆಸರನ್ನು ಅದಕ್ಕೆ ಸೇರಿಸಿದರು: ‘ಮಯೊಫೋನಸ್ ಹಾರ್ಸ್‌ಫೀಲ್ಡೈ’. ನೋಡಲು ‘ಥ್ರಷ್’ ಎಂಬ ಹಾಡುಹಕ್ಕಿಗಳಂತೆ ಇರುವುದರಿಂದ ಇಂಗ್ಲಿಷಿನಲ್ಲಿ ಸಿಳ್ಳೆಯ ಥ್ರಷ್ ಆಯಿತು. ಸಲೀಂ ಅಲಿಯವರ ಕಾಲದ ದೊಡ್ಡ ಪುಸ್ತಕಗಳಲ್ಲಿ ಥ್ರಷ್‌ಗಳು, ನೊಣಹಿಡುಕಗಳು ಎಲ್ಲವನ್ನೂ ಒಂದೇ ಅವಿಭಕ್ತ ಕುಟುಂಬದಲ್ಲಿ ಇಟ್ಟಿದ್ದರು. ಮುಂದೆ ಪಾಲು ಪಟ್ಟಿಯಾದಾಗ ಸಿಳ್ಳಾರ ಥ್ರಷ್‌ಗಳ ಪಾಲಿಗೆ ಹೋಯಿತು. 2010ರ ಸುಮಾರಿಗೆ ಬಂದ ಡಿ.ಎನ್.ಎ. ಅಧ್ಯಯನಗಳು ಆ ಪಾಲು ತಪ್ಪೆಂದು ತೋರಿಸಿದವು; ಇದರ ರಕ್ತಸಂಬಂಧ ಇರುವುದು ನೊಣಹಿಡುಕಗಳ ಮನೆಗೆ. ನಮ್ಮ ಹಿತ್ತಿಲಿನ ಮಡಿವಾಳ ಹಕ್ಕಿಯೂ ಅದೇ ಮನೆಯದು.

ಬಯಲುಸೀಮೆಯಲ್ಲಿ ಕಲ್ಲಿನ ಬದುಗಳ ಮೇಲೆ, ಹಾಳು ಗೋಡೆಗಳ ಮೇಲೆ ಬಾಲ ಎತ್ತಿಕೊಂಡು ಕೂರುವ, ಬಾಲದ ಬುಡ ಇಟ್ಟಿಗೆ ಬಣ್ಣದ ಪುಟ್ಟ ಕಪ್ಪು ಹಕ್ಕಿಯನ್ನು ಹಲವರು ನೋಡಿರಬಹುದು. ಅದೂ ಇದೇ ಕುಟುಂಬ. ಹುಡುಗನಿಗೆ ಇದನ್ನು ಹೇಳಿದಾಗ ಅವನು ನಂಬಲಿಲ್ಲ. “ಅದು ನಮ್ಮೂರಾಗ ಹೊಲದಾಗ ಅದ. ಇಷ್ಟು ಛಂದ ಎಲ್ಲಿ ಸೀಟಿ ಹೊಡಿತದರೀ?” ಎಂದ. ನೆಂಟರೆಲ್ಲ ಹಾಡುಗಾರರೇ ಆಗಬೇಕೆಂದಿಲ್ಲವಲ್ಲ.

ಇನ್ನೊಂದು ಮಾತು. ಸಸ್ತನಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಗಣ ದಂಶಕಗಳದು, ಅಂದರೆ ಬಾಚಿಹಲ್ಲು ಬೆಳೆಯುತ್ತಲೇ ಇರುವ ಇಲಿ, ಅಳಿಲು, ಮುಳ್ಳುಹಂದಿಗಳದು. ಲೋಕದ ಸಸ್ತನಿ ಜಾತಿಗಳಲ್ಲಿ ನೂರಕ್ಕೆ ಸುಮಾರು 40 ಇವೇ. ಹಕ್ಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಗಣ ಗುಬ್ಬಿ ಗಣ. ಅರ್ಧಕ್ಕೂ ಹೆಚ್ಚು ಹಕ್ಕಿಗಳು ಅದರಲ್ಲಿವೆ, ಹಾಡುಹಕ್ಕಿಗಳೆಲ್ಲ ಅದರೊಳಗೇ. ಹೀಗೆ ಎರಡೂ ಬಹು ದೊಡ್ಡ ಸಂತಾನದ ಮನೆಯವು. ಆದರೆ ದೊಡ್ಡ ಮನೆತನದಲ್ಲಿ ಹುಟ್ಟಿದವರೆಲ್ಲರೂ ಸುಖವಾಗಿರುತ್ತಾರೆಂದು ತಿಳಿಯಬಾರದು.

ಯಾರ ಸ್ಥಿತಿ ಹೇಗಿದೆ

1948ರಲ್ಲಿ ಸ್ಥಾಪನೆಯಾದ ಐ.ಯು.ಸಿ.ಎನ್. ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ 1964ರಿಂದ ‘ಕೆಂಪು ಪಟ್ಟಿ’ ಎಂಬ ಒಂದು ಖಾತೆ ಇಟ್ಟಿದೆ. ಯಾವ ಜೀವಿ ಎಷ್ಟು ಗಂಡಾಂತರದಲ್ಲಿದೆ ಎಂಬುದನ್ನು ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರೆಯುತ್ತಾರೆ. ತಳದಲ್ಲಿ ‘ಹೆಚ್ಚು ಚಿಂತೆ ಬೇಡ’, ಮೇಲೆ ‘ಅಪಾಯದ ಅಂಚು’, ಅದರ ಮೇಲೆ ‘ಅಪಾಯಕ್ಕೆ ಈಡಾಗಬಲ್ಲದು’, ಆಮೇಲೆ ‘ಅಪಾಯದಲ್ಲಿದೆ’, ‘ತೀವ್ರ ಅಪಾಯದಲ್ಲಿದೆ’, ಕೊನೆಗೆ ‘ಅಳಿದಿದೆ’. ತಲೆ ಎಣಿಕೆಯೊಂದನ್ನೇ ನೋಡುವುದಿಲ್ಲ. ಎಷ್ಟು ಜಾಗದಲ್ಲಿ ಹರಡಿದೆ, ಆ ಜಾಗ ತುಂಡಾಗುತ್ತಿದೆಯೇ, ಕುಗ್ಗುತ್ತಿದೆಯೇ ಎಂಬುದನ್ನೂ ತೂಗುತ್ತಾರೆ.

ಸಿಳ್ಳಾರ ಇರುವುದು ತಳದ ಮೆಟ್ಟಿಲಲ್ಲಿ, ಹೆಚ್ಚು ಚಿಂತೆ ಬೇಡದ ಕಡೆ. ಪಶ್ಚಿಮಘಟ್ಟದ ಉದ್ದಕ್ಕೂ, ಉತ್ತರದಲ್ಲಿ ಗುಜರಾತಿನ ಡಾಂಗ್ ಕಾಡಿನವರೆಗೂ, ಸಾತ್ಪುಡದ ಕೆಲವು ಭಾಗಗಳಲ್ಲೂ ಅದು ಇದೆ. ಮನುಷ್ಯನ ಸಹವಾಸ ಅದಕ್ಕೆ ಅಷ್ಟೊಂದು ಬೇಸರವಲ್ಲ. ಬಂಡೆಯ ಸಂದಿಯೇ ಅದರ ಮೂಲ ಗೂಡಾದರೂ ಮೋರಿಯ ಕೆಳಗೆ, ಹಳೆಯ ಕಟ್ಟಡದ ಮೂಲೆಯಲ್ಲಿ ಕಟ್ಟಿದ್ದೂ ಉಂಟು. ಹುಳು, ಏಡಿ, ಕಪ್ಪೆ, ಕಾಡುಹಣ್ಣು ಏನು ಸಿಕ್ಕರೂ ತಿನ್ನುತ್ತದೆ.

ಮುಳ್ಳಿಲಿ ಎರಡು ಮೆಟ್ಟಿಲು ಮೇಲೆ, ‘ಅಪಾಯಕ್ಕೆ ಈಡಾಗಬಲ್ಲದು’ ಎಂಬಲ್ಲಿದೆ. ಬೇಕರ್ ಪಾದ್ರಿಗಳು ‘ಬೇಕಾದಷ್ಟಿವೆ’ ಎಂದ ಪ್ರಾಣಿ ಈ ನೂರಾ ಅರವತ್ತು ವರ್ಷಗಳಲ್ಲಿ ಅಲ್ಲಿಗೆ ಏರಿದ್ದು ಹೇಗೆ? ಅದರ ಜೀವನ ನಿಂತಿರುವುದು ಹಳೆಯ ಮರದ ಪೊಟರೆಯ ಮೇಲೆ ಮತ್ತು ನೆಲಕ್ಕಿಳಿಯದೆ ಮರದಿಂದ ಮರಕ್ಕೆ ದಾಟಬಹುದಾದ ಒತ್ತಾದ ನೆತ್ತಿಯ ಮೇಲೆ. ಹಗಲೆಲ್ಲ ಪೊಟರೆಯಲ್ಲಿ, ರಾತ್ರಿಯೆಲ್ಲ ಕೊಂಬೆಗಳಲ್ಲಿ. ಕಾಡು ತುಂಡಾಗಿ ನಡುವೆ ಬಯಲಾದರೆ ಅದಕ್ಕೆ ಸಮುದ್ರ ಅಡ್ಡ ಬಂದಂತೆ.

ಇಲ್ಲಿ ನಮ್ಮ ಪಾತ್ರವನ್ನು ಒಪ್ಪಿಕೊಳ್ಳಬೇಕು. ನೆರಳಿನ ಕಾಫಿ ತೋಟ ಕಾಡಿನ ತಮ್ಮನಿದ್ದಂತೆ ಎಂದು ನಾವು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಹಲಸು, ಹೆಬ್ಬಲಸು, ಅತ್ತಿ, ನಂದಿ, ಬೈನೆ ಬೆರೆತ ನೆರಳಿದ್ದರೆ ಆ ಮಾತು ನಿಜ. ಆದರೆ ಕಳೆದ ಕೆಲವು ದಶಕಗಳಲ್ಲಿ ಎಷ್ಟು ತೋಟಗಳಲ್ಲಿ ಆ ಮರಗಳು ಒಂದೊಂದಾಗಿ ಹೋಗಿ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಸಾಲಾಗಿ ನಿಂತಿದೆ! ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಗ್ಗುತ್ತದೆ, ಬೇಕೆಂದಾಗ ಕಡಿದು ಮಾರಲು ತಕರಾರು ಕಡಿಮೆ. ಬೆಳೆಗಾರನ ಕಷ್ಟ ಬಲ್ಲ ಯಾರೂ ಅವನನ್ನು ದೂಷಿಸಲಾರರು. ಆದರೂ ಸಿಲ್ವರ್ ಓಕಿನ ಎಳೆಯ ಕಾಂಡದಲ್ಲಿ ಪೊಟರೆ ಇಲ್ಲ, ಮುಳ್ಳಿಲಿಗೆ ಅದರಲ್ಲಿ ಹಣ್ಣೂ ಇಲ್ಲ. ಆ ತೋಟದಲ್ಲಿ ಸಿಳ್ಳಾರ ಹಳ್ಳದ ಬಂಡೆಯನ್ನು ನಂಬಿ ಬದುಕಬಹುದು. ಮುಳ್ಳಿಲಿ ಬದುಕಲಾರದು.

ನನ್ನ ತಪ್ಪನ್ನೂ ಬರೆಯುತ್ತೇನೆ. ಬೋನಿನ ಪ್ರಕರಣಕ್ಕೆ ಎರಡು ವರ್ಷ ಮೊದಲು, ಮನೆಯ ಮೇಲಣ ಗುಡ್ಡದಲ್ಲಿದ್ದ ಒಂದು ಮುದಿ ಹೆಬ್ಬಲಸನ್ನು ಟೊಳ್ಳು ಬಿದ್ದಿದೆ, ಗಾಳಿಗೆ ಉರುಳಿದರೆ ಹತ್ತಾರು ಕಾಫಿ ಗಿಡ ಹಾಳೆಂದು ಕಡಿಸಿದ್ದೆ. ಕೊಂಬೆ ಸೀಳಿದಾಗ ಪೊಟರೆಯಿಂದ ಒಣಗಿದ ಎಲೆ, ಪಾಚಿಯ ಮೆತ್ತನೆಯ ಉಂಡೆಯೊಂದು ಉದುರಿತ್ತು. ಅಳಿಲಿನ ಗೂಡೆಂದು ಕೊಡವಿ ಹಾಕಿದೆವು. ಅದು ಯಾರ ಮನೆಯಾಗಿತ್ತೆಂದು ಈಗ ಖಚಿತವಾಗಿ ಹೇಳಲಾರೆ. ಸಂಶಯ ಮಾತ್ರ ಹೋಗಿಲ್ಲ. ಸೌದೆಗೆ ಬಂದ ಹಣ ಕೂಲಿಗೇ ಸರಿಹೋಯಿತು.

ಕಾನೂನಿನ ಕಡೆಯಿಂದಲೂ ಒಂದು ಬದಲಾವಣೆಯನ್ನು ಸದಸ್ಯರು ತಿಳಿದಿರುವುದು ಲೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ಕಾಗೆ, ಹಣ್ಣುಬಾವಲಿಗಳ ಜೊತೆ ‘ಇಲಿಗಳು’ ಎಂದು ಸಾರಾಸಗಟಾಗಿ ಪೀಡೆಗಳ ಪಟ್ಟಿಗೆ ಸೇರಿಸಿದ್ದರು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಆರು ಅನುಸೂಚಿಗಳು ನಾಲ್ಕಾದವು. ಪೀಡೆಗಳ ಆ ಪಟ್ಟಿ ಹೋಯಿತು. ಈಗ ಯಾವುದನ್ನಾದರೂ ಪೀಡೆ ಎನ್ನಬೇಕಾದರೆ ಕೇಂದ್ರ ಸರ್ಕಾರ ಪ್ರತ್ಯೇಕ ಅಧಿಸೂಚನೆ ಹೊರಡಿಸಬೇಕು. ಹೆಸರಿನಲ್ಲಿ ‘ಇಲಿ’ ಇದ್ದ ಮಾತ್ರಕ್ಕೆ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುವ ಪದ್ಧತಿ ಪುಸ್ತಕದಲ್ಲಾದರೂ ಮುಗಿದಿದೆ.

ಮೆಣಸಿನ ನಷ್ಟದ ಮಾತು

‘ಇದೆಲ್ಲ ಸರಿ, ತಿಂದ ಮೆಣಸಿಗೆ ಯಾರು ಹೊಣೆ?’ ಎಂದು ಕೇಳುವ ಸದಸ್ಯರಿದ್ದಾರೆ, ಕೇಳಬೇಕಾದ್ದೇ. ಆದರೆ ಮುಳ್ಳಿಲಿ ತಿನ್ನುವುದು ಹಣ್ಣಾದ ಕಾಳನ್ನು. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗುತ್ತಲೇ ಕೊಯ್ಯಬೇಕೆಂದು ಕೃಷಿ ತಜ್ಞರು ಎಂದಿನಿಂದಲೋ ಹೇಳುತ್ತಿದ್ದಾರೆ. ನಾವು ಆಳು ಸಿಗಲಿಲ್ಲ, ಏಣಿ ಹತ್ತುವವರಿಲ್ಲ, ಕಾಫಿ ಮುಗಿಯಲಿ ಎಂದು ಹದಿನೈದು ದಿನ ಮುಂದೂಡುತ್ತೇವೆ. ಆ ಹದಿನೈದು ದಿನದ ಹಣ್ಣು ಮೆಣಸು ಉದುರಿ ಹೋಗುವುದು, ಹಕ್ಕಿ ತಿನ್ನುವುದು, ಇಲಿ ತಿನ್ನುವುದು ಎಲ್ಲವೂ ಸೇರಿ ನಷ್ಟ. ಮರುವರ್ಷ ಎತ್ತರದ ಮರಗಳನ್ನು ಮೊದಲು ಕೊಯ್ಯಿಸಿ, ತಗ್ಗಿನವನ್ನು ಆಮೇಲೆ ಮಾಡಿದೆ. ಖಾಲಿ ಗೊಂಚಲುಗಳು ಕಣ್ಣಿಗೆ ಬೀಳುವಷ್ಟು ಕಡಿಮೆಯಾದವು.

ವಿಷದ ವಿಚಾರದಲ್ಲಿ ನನ್ನ ಅಭಿಪ್ರಾಯ ಖಂಡಿತ. ಲೈನ್ ಮನೆ, ಗೋದಾಮು, ಕಣಗಳ ಹತ್ತಿರ ಹೆಗ್ಗಣದ ಕಾಟಕ್ಕೆ ಬೋನನ್ನೋ ವಿಷವನ್ನೋ ಇಡುವುದು ಅನಿವಾರ್ಯವಿರಬಹುದು. ಅಲ್ಲಿ ಇಡಿ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡಿ. ಮರದ ಕವಲಿಗೆ, ಪೊಟರೆಗೆ ಬ್ರೊಮಡಯಲೋನ್ ಬಿಲ್ಲೆ ಕಟ್ಟುವುದು ಮಾತ್ರ ಬೇಡ. ಆ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಮೂರು ನಾಲ್ಕು ದಿನ ಮಂಕಾಗಿ ತಿರುಗುತ್ತದೆ. ಅಷ್ಟರಲ್ಲಿ ಅದನ್ನು ಗೂಬೆ ಹಿಡಿದರೆ ಗೂಬೆಗೂ ವಿಷ. ಪುಕ್ಕಟೆಯಾಗಿ ಇಲಿ ಹಿಡಿಯುವವನನ್ನು ಕೊಂದು, ಅಂಗಡಿಗೆ ಹೋಗಿ ಇಲಿ ಪಾಷಾಣ ತರುವ ವ್ಯವಹಾರ ಇದು. ಬೋನು ಇಡಲೇಬೇಕೆಂದಿದ್ದರೆ ಬೆಳಗಾಗುತ್ತಲೇ ನೋಡಿ, ಬಾಲಕ್ಕೆ ಕುಚ್ಚಿದ್ದರೆ ಅಲ್ಲೇ ಬಿಟ್ಟುಬಿಡಿ. ನೆಲದ ಚುಂಚಿಲಿಗಳಲ್ಲೂ ಒರಟು ಕೂದಲಿನವು ಇವೆ, ಆದ್ದರಿಂದ ಬೆನ್ನಿನ ಮುಳ್ಳೊಂದನ್ನೇ ನಂಬಬಾರದು. ಬಾಲವೇ ಗುರುತು.

ಸಿಳ್ಳಾರನಿಗೆ ಚಿಂತೆ ಬೇಡವೆಂದು ಪಟ್ಟಿ ಹೇಳಿದರೂ ನಮ್ಮ ಹಳ್ಳದ ಸಿಳ್ಳಾರನ ಕಷ್ಟ ಪಟ್ಟಿಯಲ್ಲಿ ಬರುವುದಿಲ್ಲ. ಪಲ್ಪಿಂಗ್ ಕಾಲದಲ್ಲಿ ಹಣ್ಣು ತೊಳೆದ ನೀರನ್ನು ಗುಂಡಿಯಲ್ಲಿ ನಿಲ್ಲಿಸದೆ ನೇರ ಹಳ್ಳಕ್ಕೆ ಬಿಟ್ಟರೆ ನೀರಿನ ಪ್ರಾಣವಾಯು ಇಂಗಿ ಏಡಿ, ಹುಳು, ಮೀನು ಸಾಯುತ್ತವೆ. ಕೆರೆ ಅಗಲಿಸಲು ಬಂಡೆ ಸಿಡಿಸಿದರೆ ಗೂಡಿನ ಸಂದಿ ಹೋಗುತ್ತದೆ. ಹಕ್ಕಿ ಲೋಕದಿಂದ ಅಳಿಯುವುದಿಲ್ಲ, ನಮ್ಮ ಹಳ್ಳದಿಂದ ಹೋಗುತ್ತದೆ. ಎರಡು ವರ್ಷದ ಹಿಂದೆ ಕೆಳಗಿನ ಹಳ್ಳದ ಒಂದು ಕಡೆ ಹಾಗೆ ಆಯಿತು. ಆ ಜೂನಿನಲ್ಲಿ ಅತ್ತ ಕಡೆಯಿಂದ ಸಿಳ್ಳೆ ಕೇಳಲಿಲ್ಲ. ನೀರು ಸರಿಯಾದ ಮೇಲೆ ಮರುವರ್ಷ ಬಂತು. ರೆಕ್ಕೆ ಇದ್ದವರಿಗೆ ಆ ಅನುಕೂಲವಿದೆ. ಪೊಟರೆ ಕಳೆದುಕೊಂಡ ಮುಳ್ಳಿಲಿಗೆ ಹಿಂದಿರುಗಿ ಬರಲು ಮರ ಬೇಕು, ಮರಕ್ಕೆ ಎಂಬತ್ತು ನೂರು ವರ್ಷ ಬೇಕು.

ಗುಡ್ಡದ ಮೇಲೆ ಇನ್ನೂ ಎರಡು ಮುದಿ ಹಲಸು, ಒಂದು ನಂದಿ ಮರ ಉಳಿದಿವೆ. ಮೂರಕ್ಕೂ ಟೊಳ್ಳಿದೆ. ಗಾಳಿಗೆ ಎದುರಾದ ಒಣ ಕೊಂಬೆಗಳನ್ನಷ್ಟೇ ತೆಗೆಸಿ ಬೊಡ್ಡೆಗಳನ್ನು ಬಿಟ್ಟಿದ್ದೇನೆ. ಅವುಗಳ ನಡುವೆ ಖಾಲಿ ಇದ್ದ ಕಡೆ ಸಿಲ್ವರ್ ಓಕಿನ ಬದಲು ಹೆಬ್ಬಲಸಿನ ಹನ್ನೆರಡು ಸಸಿ ನೆಡಿಸಿದೆ, ಒಂಬತ್ತು ಬದುಕಿವೆ.

ಬಗದಲ್‌ನ ಹುಡುಗ ಮೂರು ಮರಗಸಿ ಮುಗಿಸಿ ಊರಿಗೆ ಹೋದ. ಈ ಸಲ ತೊಗರಿ ಕೊಯ್ಲಿನ ಹೊತ್ತಿಗೆ ಫೋನು ಮಾಡಿದ್ದ. ಧಾರಣೆ, ಮಳೆ ಎಲ್ಲ ಮಾತಾದ ಮೇಲೆ, “ಮಾಲಕ್ರ, ನಿಮ್ಮ ಸಿಳ್ಳಾರನ ಬೀಗ ನಮ್ಮ ಬಾವಿ ಕಟ್ಟಿ ಮ್ಯಾಲ ಕುಂತಾನ. ಬಾಲ ಎತ್ತಿ ಕುಂತಾನ, ಸೀಟಿ ಒಂದು ಬರಲ್ದು” ಎಂದ.

ಸದಸ್ಯರಲ್ಲಿ ಯಾರಿಗಾದರೂ ಕುಚ್ಚು ಬಾಲದ ಈ ಪ್ರಾಣಿ ತೋಟದಲ್ಲಿ ಕಂಡಿದ್ದರೆ, ಯಾವ ಮರದಲ್ಲಿ, ಯಾವ ತಿಂಗಳಲ್ಲಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಮೆಣಸು ತರುವ ದಿನ ಸಂಘದ ಕಚೇರಿಯಲ್ಲಿ ಕೊಟ್ಟರೆ ಉಪಕಾರವಾಗುತ್ತದೆ. ಸತ್ತದ್ದು ಸಿಕ್ಕಿದ್ದರೂ ಬರೆಯಿರಿ. ನನ್ನದನ್ನು ಮೊದಲ ಚೀಟಿಯಾಗಿ ಕೊಟ್ಟಿದ್ದೇನೆ.